ಸುರಂಗ ಮತ್ತು ಕಾಲುಸಂಕ

ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನರು ಹಿಂಜರಿಯುತ್ತಾರಂತೆ. ಇದು ಮದುವೆ ದಲ್ಲಾಳಿಯೊಬ್ಬನ ಮಾತಾಗಿದ್ದರೆ ನಾವು ಕೇಳಿ ಸುಮ್ಮನಾಗುತ್ತಿದ್ದೆವು. ಆದರೆ ಇದು 2025ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಅಭಿವೃದ್ಧಿಯ ಹೊಣೆಯನ್ನೂ ಹೊತ್ತಿದ್ದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ತಮ್ಮ ಸುರಂಗ ರಸ್ತೆಯನ್ನು ಸಮರ್ಥಿಸಿಕೊಳ್ಳುವಾಗ ಆಡಿದ ಮಾತಿನ ಸಾರ. ಜನರಿಗೆ ಕಾರು ಬೇಕು, ಕಾರು ಸಾಮಾಜಿಕ ಅನಿವಾರ್ಯ, ಆದ್ದರಿಂದ ಕಾರಿಗೆ ನೆಲದ ಕೆಳಗೊಂದು ದಾರಿಯೂ ಬೇಕು. ಇದು ಅವರ ತರ್ಕ.

ವರದಕ್ಷಿಣೆಯ ವಿರುದ್ಧ ವರ್ಷಗಳಿಂದ ಬರೆಯುತ್ತಾ, ಮದುವೆ ಮಂಟಪದ ಬಾಗಿಲಲ್ಲಿ ರಿಬ್ಬನ್ ಕಟ್ಟಿಕೊಂಡು ನಿಂತ ಹೊಸ ಕಾರನ್ನು ಕಂಡು ಮುಖ ತಿರುಗಿಸುತ್ತಾ ಬಂದಿರುವ ನಮ್ಮಂಥವರಿಗೆ ಈ ಮಾತು ಎರಡು ಪಟ್ಟು ನೋವು ಕೊಟ್ಟಿದೆ. ಸಮಾಜದ ಒಂದು ರೋಗವನ್ನು ರೋಗವೆಂದು ಗುರುತಿಸಬೇಕಾದ ಅಧಿಕಾರಸ್ಥಾನವೇ ಅದನ್ನು ಬೇಡಿಕೆಯೆಂದು ಪರಿಗಣಿಸಿದರೆ, ಮುಂದೆ ಆ ರೋಗಕ್ಕೆ ರಾಜ್ಯದ ಬೊಕ್ಕಸದಿಂದಲೇ ಹಣ ಒದಗಿಸಿದಂತಾಗುತ್ತದೆ. ಹುಡುಗನಿಗೆ ಕಾರು ಬೇಕೆಂದು ಹುಡುಗಿಯ ತಂದೆ ಸಾಲ ಮಾಡುತ್ತಾನೆ. ಆ ಕಾರಿಗೆ ದಾರಿ ಬೇಕೆಂದು ಸರಕಾರ ಸಾಲ ಮಾಡುತ್ತದೆ. ಎರಡೂ ಸಾಲಗಳನ್ನು ತೀರಿಸುವವರು ಕಾರಿನಲ್ಲಿ ಕುಳಿತವರಲ್ಲ.

ಆ ಸಾಲದ ಗಾತ್ರವನ್ನು ನೋಡೋಣ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 16.75 ಕಿಲೋಮೀಟರ್ ಉದ್ದದ ಜೋಡಿ ಸುರಂಗ. 2025ರಲ್ಲಿ ಟೆಂಡರ್ ಕರೆದಾಗ ಅದರ ಅಂದಾಜು ವೆಚ್ಚ 17,698 ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ ಸಾವಿರ ಕೋಟಿಗೂ ಹೆಚ್ಚು. ಪೂರ್ವ-ಪಶ್ಚಿಮದ ಮತ್ತೊಂದು ಸುರಂಗವನ್ನೂ ಸೇರಿಸಿ 40,000 ಕೋಟಿ ರೂಪಾಯಿಯ ಮಾತನ್ನು ಆ ವರ್ಷದ ರಾಜ್ಯ ಬಜೆಟ್ಟಿನಲ್ಲೇ ಆಡಲಾಯಿತು. ಅದಕ್ಕಾಗಿ ಪಾಲಿಕೆ ಎತ್ತುವ ಸಾಲಕ್ಕೆ 19,000 ಕೋಟಿಯ ಖಾತರಿಯನ್ನೂ ಸರಕಾರ ಘೋಷಿಸಿತು.

ಈ ಮೊತ್ತವನ್ನು ಬರಿಯ ಅಂಕಿಯಾಗಿ ಓದಿದರೆ ಅದರ ಭಾರ ತಿಳಿಯದು. ಅದೇ ಬೆಂಗಳೂರಿಗೆ ಉಪನಗರ ರೈಲು ಯೋಜನೆಯೊಂದಿದೆ. ನಾಲ್ಕು ದಾರಿಗಳಲ್ಲಿ 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿ, 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ 40 ತಿಂಗಳು ಕಳೆದು 2025ನೇ ಇಸವಿ ಮುಗಿದರೂ ಆ ಹಳಿಯ ಮೇಲೆ ಒಂದು ರೈಲೂ ಓಡಲಿಲ್ಲ. ಒಂದೆಡೆ ಕಾರಿಗೆ ಕಿಲೋಮೀಟರಿಗೆ ಸಾವಿರ ಕೋಟಿ, ಇನ್ನೊಂದೆಡೆ ಲಕ್ಷಾಂತರ ಜನರನ್ನು ಹೊರಬಲ್ಲ ರೈಲಿಗೆ ಕಿಲೋಮೀಟರಿಗೆ ಸುಮಾರು ನೂರು ಕೋಟಿ. ಹತ್ತರಲ್ಲಿ ಒಂದು ಪಾಲಿನ ಖರ್ಚಿನದು ನಿಧಾನ, ಹತ್ತು ಪಾಲಿನದು ಅವಸರ. ಈ ಅವಸರ ಯಾರದು ಎಂಬುದೇ ನಮ್ಮ ಪ್ರಶ್ನೆ.

ಯೋಜನಾ ವರದಿಯ ಪ್ರಕಾರ ಆ ಸುರಂಗದೊಳಗೆ ಬೈಕು, ಸ್ಕೂಟರು, ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ. ಒಳಗೆ ಹೋಗುವವರು ಸುಂಕ ತೆರಬೇಕು. ಬೆಂಗಳೂರಿನ ನೋಂದಾಯಿತ ವಾಹನಗಳಲ್ಲಿ ಸುಮಾರು ಮೂರನೇ ಎರಡು ಪಾಲು ದ್ವಿಚಕ್ರ ವಾಹನಗಳೇ. ಗೋರಿಪಾಳ್ಯದ ಮೆಕ್ಯಾನಿಕ್, ಶಿವಾಜಿನಗರದ ದರ್ಜಿ, ಊಟದ ಪೊಟ್ಟಣ ಹೊತ್ತು ಮನೆಮನೆಗೆ ಓಡುವ ಯುವಕ, ನಮ್ಮ ಕರಾವಳಿಯಿಂದ, ಕಲಬುರಗಿಯಿಂದ, ಬೀದರಿನಿಂದ ಕೆಲಸಕ್ಕಾಗಿ ಅಲ್ಲಿಗೆ ಹೋದ ನಮ್ಮದೇ ಮಕ್ಕಳು, ಇವರೆಲ್ಲರೂ ಓಡಾಡುವುದು ಇದರಲ್ಲೇ. ಇವರ ಬೆವರಿನ ತೆರಿಗೆಯೂ ಸೇರಿ ಅಗೆಯಲಾಗುವ ಬಿಲದೊಳಗೆ ಇವರಿಗೇ ಜಾಗವಿಲ್ಲ! ಇಂಥ ವ್ಯವಸ್ಥೆ ಹೊಸದೇನೂ ಅಲ್ಲ. 2009ರಲ್ಲಿ ಮುಂಬೈಯ ಬಾಂದ್ರಾ-ವರ್ಲಿ ಸಮುದ್ರ ಸೇತುವೆ ತೆರೆದಾಗ ದೇಶವೆಲ್ಲ ಅದರ ಚಿತ್ರವನ್ನು ಕ್ಯಾಲೆಂಡರಿಗೆ ಹಾಕಿಕೊಂಡಿತು. ತಂತಿಗಳ ಆ ಬೀಸಣಿಗೆ ನಿಜಕ್ಕೂ ಚೆಲುವಾಗಿದೆ. ಆದರೆ ಅದರ ಮೇಲೆ ಬೈಕಿಗೆ ಅವಕಾಶವಿಲ್ಲ, ರಿಕ್ಷಾಕ್ಕಿಲ್ಲ, ನಡೆದು ಹೋಗುವವನಿಗಿಲ್ಲ. ಮುಂಬೈಯ ಬಡವನಿಗೆ ಅದು ನೋಡುವ ಸೇತುವೆ, ದಾಟುವ ಸೇತುವೆಯಲ್ಲ.

ಇದನ್ನು ಖಾಸಗಿಯವರು ಕಟ್ಟಿ, ನಡೆಸಿ, ಕೊನೆಗೆ ಒಪ್ಪಿಸುವ ಪದ್ಧತಿಯಲ್ಲಿ ಮಾಡಲಾಗುತ್ತದೆ, ಸರಕಾರದ ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವವರಿದ್ದಾರೆ. ಯೋಜನೆ ಲಾಭ ತರದಿದ್ದರೆ ಆ ಕೊರತೆಯನ್ನು ತುಂಬಲು ವೆಚ್ಚದ ಶೇ. 40ರಷ್ಟನ್ನು ಸರಕಾರವೇ ಕೊಡುವ ಷರತ್ತು ಅದರೊಳಗಿದೆ. ಜಾಗ ಸರಕಾರದ್ದು, ಸಾಲದ ಖಾತರಿ ಸರಕಾರದ್ದು, ಸುಂಕ ಕಟ್ಟುವವನು ಪ್ರಜೆ. ಖಾಸಗಿಯವರದ್ದು ಎಂದು ಉಳಿಯುವುದು ಲಾಭ ಮಾತ್ರ. ಇದನ್ನು ವ್ಯಾಪಾರವೆಂದು ಕರೆಯಲು ನಮ್ಮ ಪೇಟೆಯ ಸಣ್ಣ ವ್ಯಾಪಾರಿ ಒಪ್ಪಲಾರ. ನಷ್ಟವನ್ನು ಬೇರೆಯವರ ಲೆಕ್ಕಕ್ಕೆ ಬರೆಯುವ ವ್ಯಾಪಾರವನ್ನು ಅವನು ಯಾವತ್ತೂ ಮಾಡಿಲ್ಲ.

ಇಷ್ಟು ದೊಡ್ಡ ಹಣದ ಹಿಂದೆ ಎಷ್ಟು ಯೋಚನೆಯಿದೆ ಎಂಬುದಕ್ಕೂ ಒಂದು ನಿದರ್ಶನವಿದೆ. ಸುಮಾರು 9.5 ಕೋಟಿ ರೂಪಾಯಿ ತೆತ್ತು ಮಾಡಿಸಿದ ವಿಸ್ತೃತ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್ ಮತ್ತು ನಾಸಿಕದ ಹೆಸರುಗಳು ಕಾಣಿಸಿಕೊಂಡವು. ಬೇರೆ ಊರಿನ ವರದಿಯ ಪುಟಗಳು ಬೆಂಗಳೂರಿನ ಸುರಂಗದೊಳಗೆ ಬಂದು ಬಿದ್ದಿದ್ದವು! ಪಾಲಿಕೆ ದಂಡ ಹಾಕಿ ಮುಂದುವರಿಯಿತು. ಪರೀಕ್ಷೆಯಲ್ಲಿ ನಕಲು ಹೊಡೆದ ಹುಡುಗನನ್ನು ನಾವು ಹೊರಗೆ ಕಳಿಸುತ್ತೇವೆ. ಸಾವಿರಾರು ಕೋಟಿಯ ಪರೀಕ್ಷೆಯಲ್ಲಿ ನಕಲಿಗೆ ದಂಡ ಮಾತ್ರ. ಭಾರತೀಯ ವಿಜ್ಞಾನ ಸಂಸ್ಥೆಯ ಸಾರಿಗೆ ತಜ್ಞ ಪ್ರೊ. ಆಶಿಷ್ ವರ್ಮಾ ಅವರಂಥವರು ರಸ್ತೆ ಹೆಚ್ಚಿದಷ್ಟೂ ಕಾರು ಹೆಚ್ಚುತ್ತದೆ, ದಟ್ಟಣೆ ಕರಗದು ಎಂದು ಬಹಿರಂಗವಾಗಿ ವಾದಿಸಿದರು. ಇದು ಜಗತ್ತಿನ ನಗರಗಳೆಲ್ಲ ಕಂಡು ಅನುಭವಿಸಿದ ಸತ್ಯ. ಹೈದರಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನ ಅಂಚಿನಲ್ಲೇ ಸುರಂಗದ ಬಾಯಿ ತೆರೆಯುವ ಪ್ರಸ್ತಾಪವೂ ಬಂತು. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಬಂಡೆಯಿರುವ ಜಾಗವದು. ಜನರು ಬೀದಿಗಿಳಿದ ಮೇಲೆ ನಕ್ಷೆ ಬದಲಿಸುವ ಮಾತು ಕೇಳಿಬಂತು. ಕೇಳುವ ಮೊದಲೇ ಯೋಚಿಸಬಾರದಿತ್ತೇ?

ಈ ಮೋಹ ಒಂದು ಪಕ್ಷದ್ದಲ್ಲ ಎಂಬುದನ್ನೂ ಓದುಗರು ಗಮನಿಸಬೇಕು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲುಸೇತುವೆ ಕಟ್ಟಲು ಸಿದ್ದರಾಮಯ್ಯ ಸರಕಾರದ ಸಂಪುಟ ಒಪ್ಪಿತು. ಸುಮಾರು 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಬಲಿಯಾಗಲಿದ್ದ ಮರಗಳು 812. ಆ ವರ್ಷದ ಅಕ್ಟೋಬರ್ 16ರಂದು ಸಾವಿರಾರು ಜನರು ಕೈಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. 2017ರ ಮಾರ್ಚ್‌ನಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಅಂದು ಭಾಜಪ ವಿರೋಧಿಸಿತು. 2019ರಲ್ಲಿ ಮೈತ್ರಿ ಸರಕಾರ ಎತ್ತರದ ರಸ್ತೆಗಳ ಇನ್ನೂ ದೊಡ್ಡ ಯೋಜನೆಯನ್ನು ಹೊರತೆಗೆಯಿತು. ಸುರಂಗವನ್ನು ಬೆಂಗಳೂರಿನಲ್ಲಿ ವಿರೋಧಿಸುವ ಭಾಜಪವೇ ಮಹಾರಾಷ್ಟ್ರದಲ್ಲಿ ಅಧಿಕಾರದಲ್ಲಿದ್ದು ಕರಾವಳಿ ರಸ್ತೆಯನ್ನೂ ಸುರಂಗವನ್ನೂ ಅಭಿವೃದ್ಧಿಯ ಗುರುತೆಂದು ಮೆರೆಸಿತು. ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಾಗ ಮರಗಳು ಕಾಣಿಸುತ್ತವೆ, ಆಡಳಿತದ ಸಾಲಿಗೆ ಬಂದೊಡನೆ ಸಿಮೆಂಟು ಕಾಣಿಸುತ್ತದೆ. ಇನ್ನು, 2016ರ ಆ ಮಾನವ ಸರಪಳಿಯ ಬಗ್ಗೆ ನಮಗೆ ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು: ಅಂದು ಮರಕ್ಕಾಗಿ ನಿಂತ ಸುಶಿಕ್ಷಿತ ವರ್ಗದ ಎಷ್ಟು ಜನ 2025ರ ಜನವರಿಯಲ್ಲಿ ಬಸ್ಸಿನ ದರ ಶೇ. 15ರಷ್ಟು ಏರಿದಾಗ, ಮರುತಿಂಗಳೇ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿದಾಗ ಕೈ ಹಿಡಿದು ನಿಂತರು? ಮರಕ್ಕೆ ಮರುಗಿದ ಕಣ್ಣು ಬಸ್ಸಿಗೆ ಕಾದು ನಿಂತ ಹೆಂಗಸನ್ನು ಕಾಣದಿದ್ದರೆ ಆ ಚಳವಳಿ ಅರ್ಧದಾರಿಯಲ್ಲೇ ನಿಂತಿತೆಂದು ಅರ್ಥ.

ಸುರಂಗಕ್ಕಾದರೂ ಸಂಚಾರದ ನೆಪವಿದೆ. ಆಕಾಶ ವೇದಿಕೆಗೆ? 2024ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ 250 ಮೀಟರ್ ಎತ್ತರದ ಸ್ಕೈಡೆಕ್ ಒಂದಕ್ಕೆ 500 ಕೋಟಿ ರೂಪಾಯಿಯ ಅಂದಾಜಿನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಎಲ್ಲಿ ನಿಲ್ಲಿಸುವುದೆಂಬುದು ಮಾತ್ರ ಗೊತ್ತಿರಲಿಲ್ಲ. ಬೈಯಪ್ಪನಹಳ್ಳಿ ಎಂದರು, ಹೆಮ್ಮಿಗೆಪುರ ಎಂದರು, ಜಾಗ ಬದಲಾಗುತ್ತಲೇ ಹೋಯಿತು. ಊರಿಗೆ ಬೇಕಾಗಿ ಹುಟ್ಟಿದ ಕಟ್ಟಡಕ್ಕೆ ಜಾಗ ಮೊದಲೇ ಇರುತ್ತದೆ. ಶಾಲೆ ಎಲ್ಲಿ ಬೇಕೆಂದು ಮಕ್ಕಳಿರುವ ಕೇರಿಯೇ ಹೇಳುತ್ತದೆ. ಮೊದಲು ಗೋಪುರವನ್ನು ನಿರ್ಧರಿಸಿ ಆಮೇಲೆ ನೆಲ ಹುಡುಕುವವರಿಗೆ ಬೇಕಾಗಿರುವುದು ಗೋಪುರದ ಚಿತ್ರ ಮಾತ್ರ. ಅಷ್ಟೆತ್ತರದಿಂದ ನೋಡಿದರೆ ಏನು ಕಾಣಿಸೀತು? ಈಜಿಪುರದ ಮೇಲುಸೇತುವೆಯ ಕಂಬಗಳು ಖಂಡಿತ ಕಾಣುತ್ತಿದ್ದವು. ಎರಡೂವರೆ ಕಿಲೋಮೀಟರೂ ಇಲ್ಲದ ಆ ಸೇತುವೆಯ ಕೆಲಸ 2017ರಲ್ಲಿ ಶುರುವಾಗಿ, 2022ರಲ್ಲಿ ಗುತ್ತಿಗೆ ರದ್ದಾಗಿ, 2025 ಮುಗಿಯುವಾಗಲೂ ಪೂರ್ತಿಯಾಗಿರಲಿಲ್ಲ. ರಾಜಕಾಲುವೆಗಳ ಮೇಲೆ ಎದ್ದ ಕಟ್ಟಡಗಳೂ ಕಾಣುತ್ತಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಕೋಟ್ಯಧಿಪತಿಗಳನ್ನೂ ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರತಂದದ್ದು ಆ ಕಾಲುವೆಗಳ ಕಥೆಯೇ. ಆಗ ಬೆಂಗಳೂರಿಗೆ ಬೇಕಾಗಿದ್ದುದು ಎತ್ತರವಲ್ಲ, ತಗ್ಗಿನಲ್ಲಿ ನೀರು ಹರಿಯಲು ಒಂದು ದಾರಿ.

ಹೊರದೇಶಗಳನ್ನು ತೋರಿಸಿ ನಮ್ಮನ್ನು ಮರುಳು ಮಾಡುವ ಅಭ್ಯಾಸ ನಮ್ಮ ಆಡಳಿತಗಾರರಿಗಿದೆ. ಸಿಂಗಾಪುರ, ಲಂಡನ್, ದುಬೈ. ಹಾಗಿದ್ದರೆ ನಾವೂ ಹೊರದೇಶಕ್ಕೇ ಹೋಗಿ ನೋಡೋಣ. ಸ್ಪೇನಿನ ವೆಲೆನ್ಸಿಯಾ ಎಂಬ ನಗರದಲ್ಲಿ ಕಲೆ ಮತ್ತು ವಿಜ್ಞಾನಗಳ ನಗರಿ ಎಂಬ ಬೃಹತ್ ಕಟ್ಟಡಗಳ ಸಮೂಹವಿದೆ. ಅದೇ ಊರಿನ ಮಗ, ಜಗದ್ವಿಖ್ಯಾತ ವಾಸ್ತುಶಿಲ್ಪಿ ಸಾಂತಿಯಾಗೊ ಕಲಾತ್ರಾವಾ ಅದರ ಬಹುಪಾಲನ್ನು ರೂಪಿಸಿದವರು. 1998ರಿಂದ ಒಂದೊಂದಾಗಿ ತೆರೆದ ಆ ಕಟ್ಟಡಗಳು ಬಿಳಿಯ ಎಲುಬುಗೂಡುಗಳಂತೆ, ತಿಮಿಂಗಿಲಗಳಂತೆ, ತೆರೆದ ಕಣ್ಣಿನಂತೆ ನೀರಿನ ಕೊಳಗಳ ನಡುವೆ ನಿಂತಿವೆ. ಪ್ರವಾಸಿಗರು ಮುಗಿಬೀಳುತ್ತಾರೆ. ಆದರೆ ಅದರ ವೆಚ್ಚ ಮೊದಲ ಅಂದಾಜಿನ ಮೂರು ಪಟ್ಟನ್ನೂ ಮೀರಿ ನೂರು ಕೋಟಿ ಯೂರೋ ದಾಟಿತು. 2005ರಲ್ಲಿ ತೆರೆದ ಸಂಗೀತ ಭವನದ ಹೊರಮೈಯ ಹೆಂಚಿನ ಚೂರುಗಳು 2013ರ ಡಿಸೆಂಬರ್‌ನಲ್ಲಿ ಉದುರತೊಡಗಿ, ಭವನವನ್ನೇ ಕೆಲಕಾಲ ಮುಚ್ಚಬೇಕಾಯಿತು. ಎಂಟು ವರ್ಷ! ನಮ್ಮ ಕರಾವಳಿಯ ಹೆಂಚಿನ ಮಾಡು ನೂರು ಮಳೆಗಾಲ ಕಂಡದ್ದಿದೆ.

ಆದರೆ ವೆಲೆನ್ಸಿಯಾದ ನಿಜವಾದ ಪಾಠ ಉದುರಿದ ಹೆಂಚಿನಲ್ಲಿಲ್ಲ. ಆ ಕಟ್ಟಡಗಳು ನಿಂತಿರುವುದು ನದಿಯ ಒಣಗಿದ ಪಾತ್ರದಲ್ಲಿ. 1957ರ ಅಕ್ಟೋಬರ್‌ನಲ್ಲಿ ತೂರಿಯಾ ನದಿ ಉಕ್ಕಿ ನಗರದೊಳಗೆ ನುಗ್ಗಿ, ಹತ್ತಾರು ಜನರು ಸತ್ತರು. ಅದಾದ ಮೇಲೆ ಆ ನದಿಯನ್ನು ನಗರದ ದಕ್ಷಿಣಕ್ಕೆ ತಿರುಗಿಸಿ ಅಗಲವಾದ ಹೊಸ ಕಾಲುವೆಯೊಂದನ್ನು ತೋಡಿದರು. ಕಲ್ಲು, ಕಾಂಕ್ರೀಟು, ಒಣಗಿದ ಹುಲ್ಲು. ಅದನ್ನು ನೋಡಲು ಒಬ್ಬ ಪ್ರವಾಸಿಯೂ ಹೋಗುವುದಿಲ್ಲ, ಅದರ ಚಿತ್ರ ಯಾವ ಅಂಚೆಕಾರ್ಡಿನಲ್ಲೂ ಇಲ್ಲ. 2024ರ ಅಕ್ಟೋಬರ್ 29ರಂದು ಆ ಪ್ರಾಂತದ ಮೇಲೆ ಮಹಾಮಳೆ ಸುರಿದಾಗ ವೆಲೆನ್ಸಿಯಾ ನಗರದ ಮಧ್ಯಭಾಗವನ್ನು ಉಳಿಸಿದ್ದು ಆ ಕುರೂಪಿ ಕಾಲುವೆ. ಕಾಲುವೆಯ ಆಚೆಗಿದ್ದ ಪೈಪೋರ್ತಾ ಮುಂತಾದ ದುಡಿಯುವ ಜನರ ಊರುಗಳನ್ನು ಹಳ್ಳವೊಂದು ಉಕ್ಕಿ ನುಂಗಿತು. ಪ್ರಾಂತದಲ್ಲಿ ಒಟ್ಟು 220ಕ್ಕೂ ಹೆಚ್ಚು ಜನರು ಸತ್ತರು. ಆ ಹಳ್ಳವನ್ನು ಹದಗೊಳಿಸುವ ಕಾಮಗಾರಿಯ ಯೋಜನೆ ವರ್ಷಗಳಿಂದ ಕಾಗದದಲ್ಲೇ ಉಳಿದಿತ್ತು. ಬಿಳಿಯ ಭವನಗಳಿಗೆ ಹಣ ಸಿಕ್ಕ ನಾಡಿನಲ್ಲಿ ಹಳ್ಳದ ದಂಡೆಗೆ ಸಿಗಲಿಲ್ಲ.

ಲಂಡನ್ನಿನದು ಇನ್ನೂ ಸ್ವಾರಸ್ಯಕರ. ಥೇಮ್ಸ್ ನದಿಯ ಮೇಲೆ ಮರಗಿಡಗಳಿರುವ ಉದ್ಯಾನ ಸೇತುವೆ ಕಟ್ಟುತ್ತೇವೆಂದು ಬೋರಿಸ್ ಜಾನ್ಸನ್ ಮೇಯರ್ ಆಗಿದ್ದಾಗ ಹೊರಟರು. 2017ರಲ್ಲಿ ಯೋಜನೆ ರದ್ದಾಗುವ ಹೊತ್ತಿಗೆ 5 ಕೋಟಿ ಪೌಂಡ್‌ಗೂ ಹೆಚ್ಚು ಖರ್ಚಾಗಿತ್ತು. ಅದರಲ್ಲಿ ಸುಮಾರು 4.3 ಕೋಟಿ ಸಾರ್ವಜನಿಕರ ಹಣ. ಸೇತುವೆಯ ಕೆಲಸ ಆರಂಭವೇ ಆಗಿರಲಿಲ್ಲ. ನಕ್ಷೆಗೂ ಸಲಹೆಗೂ ಹೋದ ಹಣ ಅದು. ಅಲ್ಲಿ ಕನಿಷ್ಠ ಒಂದು ಬಹಿರಂಗ ಪರಿಶೀಲನೆ ನಡೆದು ಎಲ್ಲಿ ಎಷ್ಟು ಹೋಯಿತೆಂದು ಜನರಿಗೆ ತಿಳಿಯಿತು. ನಮ್ಮಲ್ಲಿ ಅದೂ ದುರ್ಲಭ.

ಹಾಗೆಂದು ನಾವು ಸೌಂದರ್ಯದ ವಿರೋಧಿಗಳಲ್ಲ. ಬಡವರ ನಗರ ಕೊಳಕಾಗಿಯೇ ಇರಬೇಕು ಎಂದು ವಾದಿಸುವ ಒಣ ಮನುಷ್ಯರೂ ಅಲ್ಲ. ನಗರವನ್ನು ಚೆಲುವಾಗಿಸುವುದು ಹೇಗೆಂದು ಈ ನಾಡಿಗೆ ಕಲಿಸಿದವರಲ್ಲಿ ಒಬ್ಬರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಕನ್ನಂಬಾಡಿಯ ಅಣೆಕಟ್ಟೆಯ ಬುಡದಲ್ಲಿ ಬೃಂದಾವನ, ಬೆಂಗಳೂರಿನಲ್ಲಿ ಪುರಭವನ, ಊರೂರುಗಳಲ್ಲಿ ವೃತ್ತಗಳು, ಉದ್ಯಾನಗಳು, ದೀಪದ ಕಂಬಗಳು. ಮುಂಜಾನೆ ಎದ್ದು ಊರು ಸುತ್ತಿ, ಕಸ ಎಲ್ಲಿ ಬಿದ್ದಿದೆ, ದೀಪ ಎಲ್ಲಿ ಕೆಟ್ಟಿದೆ ಎಂದು ಸ್ವತಃ ನೋಡುತ್ತಿದ್ದರೆಂದು ಹಳಬರು ಹೇಳುತ್ತಿದ್ದರು. ಜೈಪುರಕ್ಕೆ ಪ್ರಧಾನ ಮಂತ್ರಿಯಾಗಿ ಹೋದಾಗ ಅಲ್ಲಿಯೂ ರಸ್ತೆ ಬಿಡಿಸಿದರು. ಆ ನಗರದ ಮುಖ್ಯ ರಸ್ತೆಯೊಂದನ್ನು ಈಗಲೂ ಎಂ.ಐ. ರೋಡ್ ಎಂದೇ ಕರೆಯುತ್ತಾರೆ. ಇಲ್ಲಿ ಗಮನಿಸಬೇಕಾದುದು ಏನೆಂದರೆ, ಅವರ ಕಾಲದಲ್ಲೇ ಬೆಂಗಳೂರಿಗೆ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಬಂತು, ಹಳ್ಳಿಗಳಿಗೆ ವಿದ್ಯುತ್ತೂ ಹರಡಿತು. ಹೂವಿಗಿಂತ ಮೊದಲು ನೀರು. ಅವರು ಕಟ್ಟಿಸಿದ ಉದ್ಯಾನದೊಳಗೆ ನಡೆಯಲು ಕಾರು ಬೇಕಿರಲಿಲ್ಲ. ಅವರ ವೃತ್ತದ ಸುತ್ತ ಎತ್ತಿನ ಗಾಡಿಯೂ ಸುತ್ತಿತು, ಸೈಕಲ್ಲೂ ಸುತ್ತಿತು. ಅದಕ್ಕೂ ಹಿಂದೆ, 1898ರ ಪ್ಲೇಗು ಸಾವಿರಾರು ಜನರನ್ನು ಕೊಂಡೊಯ್ದ ಮೇಲೆ ಬೆಂಗಳೂರು ಮೊದಲು ಚರಂಡಿಯನ್ನೂ ಗಾಳಿ ಬೆಳಕಿನ ಬಡಾವಣೆಯನ್ನೂ ಕುರಿತು ಯೋಚಿಸಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಹಾಗೆ. 1905ರಲ್ಲಿ ಅಲ್ಲಿಯ ಬೀದಿಗೆ ವಿದ್ಯುದ್ದೀಪ ಬಂದಾಗ ಅದೂ ಆ ಕಾಲದ ಮಹತ್ವಾಕಾಂಕ್ಷೆಯೇ. ಆದರೆ ಬೀದಿ ದೀಪದ ಬೆಳಕು ಸುಂಕ ಕೇಳುವುದಿಲ್ಲ.

ಇದೇ ಮಾತನ್ನು ನಮ್ಮ ಹತ್ತಿರದ ಇನ್ನೊಬ್ಬರು ಕಬ್ಬಿಣದ ಹಗ್ಗದಲ್ಲಿ ಬರೆದು ತೋರಿಸಿದ್ದಾರೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಕಡಿಮೆ ಖರ್ಚಿನ ತೂಗುಸೇತುವೆಯೊಂದನ್ನು ಕಟ್ಟಿದರು. ಆಮೇಲೆ ಹಲವು ರಾಜ್ಯಗಳ ನಡುಗಡ್ಡೆಯಂಥ ಹಳ್ಳಿಗಳಲ್ಲಿ ಅಂಥ ನೂರಕ್ಕೂ ಹೆಚ್ಚು ಸೇತುವೆಗಳು ಎದ್ದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಳೆಯ ಮೇಲೆ ತೂಗುವ ಆ ಸೇತುವೆಗಳು ಕಣ್ಣಿಗೂ ಹಿತವಾಗಿವೆ. ವಾಸ್ತುಶಿಲ್ಪದ ಮಹತ್ವಾಕಾಂಕ್ಷೆ ಎಂದರೆ ಇದೂ ಆಗಬಾರದೇಕೆ?

ಇಲ್ಲೊಂದು ಶಬ್ದದ ವಿಚಾರ. ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ನಮ್ಮ ಮನೆಮಾತಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ಒಡವೆ. ಹಜ್ಜಿಗೆ ಹೊರಡುವವರು ನೆರೆಮನೆಯಲ್ಲಿ ಇಟ್ಟುಹೋಗುವ ಗಂಟು. ಮರಳಿ ಬಂದಾಗ ಅದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಬಾರದು, ಯಾಕೆ ಖರ್ಚಾಯಿತೆಂಬ ಕಥೆಯೂ ಇರಬಾರದು. ಸಾರ್ವಜನಿಕ ಹಣ ಈ ಎರಡನೆಯ ಅರ್ಥದ್ದು. ಆದರೆ ಅದನ್ನು ಇಟ್ಟುಕೊಂಡವರನ್ನು ಕೇಳುವ ಹಕ್ಕೇ ಬೆಂಗಳೂರಿನ ಜನರಿಗೆ ಇಲ್ಲವಾಗಿದೆ. ಬಿಬಿಎಂಪಿಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಭಾಜಪದ ಆಡಳಿತ ಹೋಯಿತು, ಕಾಂಗ್ರೆಸ್ಸಿನದು ಬಂತು. 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿ ಮೇಲೊಂದು ಪ್ರಾಧಿಕಾರ ಕೂರಿಸಲಾಯಿತು. ಆ ವರ್ಷ ಮುಗಿಯುವವರೆಗೂ ಒಬ್ಬನೇ ಒಬ್ಬ ಕಾರ್ಪೊರೇಟರ್ ಆಯ್ಕೆಯಾಗಲಿಲ್ಲ. ಐದು ವರ್ಷಕ್ಕೂ ಮೇಲ್ಪಟ್ಟು ಕೋಟಿಗೂ ಹೆಚ್ಚು ಜನರ ನಗರವೊಂದು ತನ್ನ ವಾರ್ಡಿನ ಪ್ರತಿನಿಧಿಯಿಲ್ಲದೆ ಬದುಕಿತು. ಆ ಖಾಲಿ ಸಭಾಂಗಣದ ಕಾಲದಲ್ಲೇ ಸುರಂಗವೂ, ಆಕಾಶ ವೇದಿಕೆಯೂ ಮಂಜೂರಾದವು. ವಾರ್ಡಿನ ಸದಸ್ಯನಿದ್ದಿದ್ದರೆ ಅವನು ಚರಂಡಿ ಕೇಳುತ್ತಿದ್ದ, ನಲ್ಲಿ ಕೇಳುತ್ತಿದ್ದ, ಬೀದಿನಾಯಿಯ ದೂರು ತರುತ್ತಿದ್ದ. ಸಣ್ಣ ಬೇಡಿಕೆಗಳ ಗದ್ದಲವಿಲ್ಲದ ಮೌನದಲ್ಲಿ ದೊಡ್ಡ ಕನಸುಗಳು ಸಲೀಸಾಗಿ ಹುಟ್ಟುತ್ತವೆ.

ಇದು ಬೆಂಗಳೂರಿನ ತಲೆನೋವು, ನಮಗೇನು ಎಂದು ಮಂಗಳೂರಿನಲ್ಲೋ, ಶಿವಮೊಗ್ಗದಲ್ಲೋ, ದಾವಣಗೆರೆಯಲ್ಲೋ ಕುಳಿತ ಓದುಗರು ಭಾವಿಸಬಾರದು. 2015ರ ಜೂನ್‌ನಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆ ಈ ಮೂರು ಊರುಗಳಿಗೂ ಬಂದಿತ್ತು. 2025ರ ಮಾರ್ಚ್‌ಗೆ ಅದರ ಅವಧಿ ಮುಗಿಯಿತು. ಮಂಗಳೂರಿಗೆ ಬಂದದ್ದರಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಹಂಪನಕಟ್ಟೆಯ ಗಡಿಯಾರ ಗೋಪುರ. ಹಿಂದೊಮ್ಮೆ ಅಲ್ಲೇ ಇದ್ದ ಗೋಪುರವನ್ನು ಸಂಚಾರಕ್ಕೆ ಅಡ್ಡಿಯೆಂದು ಕೆಡವಿದ್ದರು. ಆಮೇಲೆ ನಗರದ ಅಂದಕ್ಕೆಂದು ಮತ್ತೆ ಕಟ್ಟಿದರು. ಎಲ್ಲರ ಕಿಸೆಯಲ್ಲೂ ಮೊಬೈಲಿರುವ ಕಾಲದಲ್ಲಿ ಸಮಯ ತೋರಿಸುವ ಗೋಪುರ! ಅದರ ಮೊತ್ತ ದೊಡ್ಡದೇನಲ್ಲ, ಅದಕ್ಕಾಗಿ ನಾವು ಜಗಳಕ್ಕೆ ನಿಲ್ಲುವುದೂ ಇಲ್ಲ. ಆದರೆ ಮನೋಭಾವ ಅದೇ. ನಾವು ವಾಸಿಸುವ ಊರಿನಲ್ಲೂ ಹೀಗೊಂದು ನಡೆಯಿತು. ಊರಬಾಗಿಲಿಗೆ ಕಮಾನು ಕಟ್ಟಿ, ಬಣ್ಣದ ದೀಪ ಹಾಕಿ ಉದ್ಘಾಟಿಸಿದರು. ಅದರ ಪಕ್ಕದಲ್ಲೇ ತೆರೆದುಕೊಂಡಿದ್ದ ಚರಂಡಿಗೆ ಚಪ್ಪಡಿ ಹಾಕಲು ಎರಡು ಮಳೆಗಾಲ ಅರ್ಜಿ ಹಿಡಿದು ಅಲೆದೆವು. ಅನುದಾನವಿಲ್ಲ ಎಂಬ ಉತ್ತರ ಬಂತು. ಆ ನಡುವೆ ವೃದ್ಧರೊಬ್ಬರು ಸುಬ್‌ಹಿ ನಮಾಝಿಗೆ ಹೋಗುವಾಗ ಅದರೊಳಗೆ ಬಿದ್ದು ಸೊಂಟ ಮುರಿದುಕೊಂಡರು. ಕಮಾನಿನ ದೀಪಗಳು ಅಂದು ಉರಿಯುತ್ತಿದ್ದವೇ ಎಂದು ನಾವು ವಿಚಾರಿಸಲು ಹೋಗಲಿಲ್ಲ.

ಸರಕಾರದತ್ತ ಬೆರಳು ತೋರಿಸುವ ಮುನ್ನ ನಮ್ಮ ಜಮಾಅತುಗಳ ಲೆಕ್ಕಪುಸ್ತಕವನ್ನೂ ತೆರೆದು ನೋಡುವುದು ನ್ಯಾಯ. ಪಕ್ಕದ ಮೊಹಲ್ಲಾದ ಮಿನಾರಕ್ಕಿಂತ ಎತ್ತರದ ಮಿನಾರ, ಅವರ ಶಾದಿ ಮಹಲಿಗಿಂತ ದೊಡ್ಡ ಶಾದಿ ಮಹಲು. ಅದೇ ಕಾಂಪೌಂಡಿನ ಮದ್ರಸದಲ್ಲಿ ಹುಡುಗಿಯರಿಗೆ ಸರಿಯಾದ ಶೌಚಾಲಯವಿಲ್ಲ, ಓದು ನಿಲ್ಲಿಸಿದ ಹುಡುಗನ ಕಾಲೇಜು ಶುಲ್ಕಕ್ಕೆ ನಿಧಿಯಿಲ್ಲ. ಇದೂ ಒಂದು ಸಣ್ಣ ಆಕಾಶ ವೇದಿಕೆಯೇ. ನಮ್ಮ ಮನೆಯಲ್ಲಿ ಇದನ್ನು ಪ್ರಶ್ನಿಸದವರಿಗೆ ವಿಧಾನಸೌಧವನ್ನು ಪ್ರಶ್ನಿಸುವ ಧೈರ್ಯ ಎಲ್ಲಿಂದ ಬರಬೇಕು?

ಹಾಗಿದ್ದರೆ ಬೇಕಾದುದೇನು? ಬೆಂಗಳೂರಿನ ಪಾಲಿಕೆಗಳಿಗೆ ಚುನಾಯಿತ ಮಂಡಳಿ ಬಂದು ಕುಳಿತು ಚರ್ಚಿಸುವವರೆಗೆ ಸುರಂಗದ ಒಂದು ಗುದ್ದಲಿಯೂ ಬೀಳಬಾರದು. ಬಸ್ಸುಗಳ ಸಂಖ್ಯೆ ಹೆಚ್ಚಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಊರುಗಳ ಎಷ್ಟೋ ಹೆಂಗಸರು ಮೊದಲ ಬಾರಿ ಯಾರ ಅಪ್ಪಣೆಯನ್ನೂ, ಯಾರ ಹಣವನ್ನೂ ಕಾಯದೆ ಆಸ್ಪತ್ರೆಗೆ, ತವರಿಗೆ, ಕೆಲಸಕ್ಕೆ ಹೊರಟರು. ಟಿಕೆಟು ಉಚಿತವಾಯಿತು, ಆದರೆ ಬಸ್ಸು ಸಾಲಲಿಲ್ಲ. ಬಾಗಿಲಲ್ಲಿ ಜೋತು ಬಿದ್ದು ಹೋಗುವ ಮಕ್ಕಳನ್ನು ಪ್ರತಿ ಊರಿನಲ್ಲೂ ಕಂಡಿದ್ದೇವೆ. ಉಚಿತ ಕೊಟ್ಟು ರಾಜ್ಯ ದಿವಾಳಿಯಾಯಿತು ಎಂದು ಟಿ.ವಿ.ಯಲ್ಲಿ ಕೂಗಿದವರು ಸುರಂಗದ ಮೊತ್ತ ಕೇಳಿದಾಗ ಅದೇ ದನಿಯಲ್ಲಿ ಕೂಗಲಿಲ್ಲ. ಬಡವನಿಗೆ ಕೊಟ್ಟರೆ ಅದು ಬಿಟ್ಟಿ, ಕಾರಿಗೆ ಕೊಟ್ಟರೆ ಅದು ಮೂಲಸೌಕರ್ಯ!

2022ರ ಆಗಸ್ಟ್ 8ರಂದು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಮನೆಗೆ ಹೋಗುವಾಗ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದಳು. ಮಳೆಯಿಂದ ತುಂಬಿ ಹರಿಯುತ್ತಿದ್ದ ನೀರು ಅವಳನ್ನು ಕೊಂಡೊಯ್ದಿತು. ಅಲ್ಲಿ ಬೇಕಾಗಿದ್ದುದು ಕೈಹಿಡಿಕೆಯಿರುವ ಒಂದು ಸಣ್ಣ ಸೇತುವೆ, ಕೆಲವು ಲಕ್ಷ ರೂಪಾಯಿಯ ಕೆಲಸ. ಬೆಂಗಳೂರಿನ ಸುರಂಗದ ಒಂದು ಮೀಟರಿಗೆ ಅಂದಾಜು ಮಾಡಿದ ವೆಚ್ಚ ಒಂದು ಕೋಟಿ ರೂಪಾಯಿಗೂ ಹೆಚ್ಚು. ಕರಾವಳಿಯ, ಮಲೆನಾಡಿನ ಶಾಸಕರು ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು, ತಮ್ಮ ಕ್ಷೇತ್ರದಲ್ಲಿ ಇನ್ನೂ ಎಷ್ಟು ಮಕ್ಕಳು ಮರದ ದಿಮ್ಮಿಯ ಮೇಲೆ ಹಳ್ಳ ದಾಟಿ ಶಾಲೆಗೆ ಹೋಗುತ್ತಾರೆಂಬ ಪಟ್ಟಿಯನ್ನು ಸದನದಲ್ಲಿ ಓದಲಿ. ಸುರಂಗದ ಕಡತಕ್ಕೆ ಸಹಿ ಹಾಕಿದ ಮಂತ್ರಿಗಳು ಅದೇ ಸದನದಲ್ಲಿ ಕುಳಿತು ಅದನ್ನು ಕೇಳಲಿ.